ಪ್ರವಾಸದ ವಿಮೆಯೂ ನಾನು ಹೇಳಿದ ‘ಇಲ್ಲ’ವೂ

ಲವೀನಾ, ಮೂರು ವರ್ಷದ ಹಿಂದೆ ನಾನು ನಿಮಗೆ ಸುಳ್ಳು ಹೇಳಿದೆ. ಪ್ರವಾಸಕ್ಕೆ ವಿಮೆ ಮಾಡಿಸುವುದು ದಂಡ, ನಾನಂತೂ ಮಾಡಿಸಿಲ್ಲ ಎಂದೆ. ಮಾಡಿಸಿದ್ದೆ — ನನಗೂ, ನಮ್ಮ ಯಜಮಾನರಿಗೂ, ಅದರ ಹಿಂದಿನ ದಿನವೇ. ನೀವು ಕೇಳಿದ ಹೊತ್ತಿನಲ್ಲಿ ಆ ಕಾಗದ ನನ್ನ ಕೈಚೀಲದಲ್ಲಿತ್ತು. ಬರುವ ದಾರಿಯಲ್ಲಿ ಪ್ರಿಂಟ್ ತೆಗೆಸಿಕೊಂಡು ಬಂದಿದ್ದೆ.

ಆ ಭಾನುವಾರ ನಿಮಗೆ ನೆನಪಿರಬಹುದು. ದುರ್ಗಾಪೂಜೆಯ ರಜೆಗೆ ಇನ್ನು ಎರಡು ವಾರವೂ ಇರಲಿಲ್ಲ. ಗರಿಯಾಹಾಟಿನ ಆ ಮನೆಯಲ್ಲಿ ತಿಂಗಳಿಗೊಮ್ಮೆ ಸೇರುವ ನಾವು, ಬಂಗಾಳಕ್ಕೆ ಬಂದು ನೆಲೆಸಿದ ಹತ್ತು ಹದಿನೈದು ಜನ ಕನ್ನಡದವರು, ಸೇರಿದ್ದೆವು. ನೀವು ಕೆಳಗಿನ ಅಂಗಡಿಸಾಲಿನಲ್ಲಿ ನಿಮ್ಮ ಅಮ್ಮನಿಗೆ ಚಪ್ಪಲಿ ಕೊಂಡು, ಜನರ ನಡುವೆ ನುಗ್ಗಿಕೊಂಡು, ಬೆವರುತ್ತ ಮೇಲೆ ಬಂದಿರಿ. ಅಮ್ಮ ಮೊದಲ ಬಾರಿಗೆ ವಿದೇಶಕ್ಕೆ ಹೊರಟಿದ್ದರು. ಬ್ಯಾಂಕಾಕಿಗೆ — ಇಲ್ಲಿಂದ ಬೆಂಗಳೂರಿಗೆ ಹೋದಷ್ಟೇ ಹೊತ್ತು ಎಂದು ನೀವು ಅವರನ್ನು ಒಪ್ಪಿಸಿದ್ದಿರಿ. ಅದೇ ರಜೆಗೆ ನಾವಿಬ್ಬರೂ ಸಿಂಗಪುರಕ್ಕೆ ಹೊರಟಿದ್ದೆವು.

ಆ ಗುಂಪಿನಲ್ಲಿ ಒಂದು ಪದ್ಧತಿ ಬೆಳೆದುಬಿಟ್ಟಿತ್ತು. ಫ್ರಿಜ್ಜಿಗೆ ಎರಡು ವರ್ಷ ಹೆಚ್ಚಿನ ಗ್ಯಾರಂಟಿ ಬೇಕೇ, ಬಾಡಿಗೆ ಮನೆಯೋ ಸ್ವಂತ ಫ್ಲ್ಯಾಟೋ — ಏನೇ ಇರಲಿ, ಧಾರವಾಡದ ಮೇಡಂ ಅವರನ್ನು ಕೇಳಿ ಎನ್ನುವುದು. ಆ ಮೇಡಂ ನಾನೇ, ಬಾರಾನಗರದಲ್ಲಿ ಸಂಖ್ಯಾಶಾಸ್ತ್ರ ಕಲಿಸುವವಳು. ಸಂಭವನೀಯತೆ ನನ್ನ ಹೊಟ್ಟೆಪಾಡು. ಕೇಳಿದರೆ ಸಾಕು, ಕೈಗೆ ಸಿಕ್ಕ ಸಂದೇಶ್ ಮಿಠಾಯಿಯ ಡಬ್ಬಿಯ ಮುಚ್ಚಳ ತಿರುವಿಹಾಕಿ ಅದರ ಮೇಲೆ ಲೆಕ್ಕ ಬರೆದು ತೋರಿಸುತ್ತಿದ್ದೆ. ಎಲ್ಲರೂ ಸುತ್ತ ಬಗ್ಗಿ ನೋಡುತ್ತಿದ್ದರು. ನನಗೆ ಅದು ಇಷ್ಟವಾಗುತ್ತಿತ್ತು — ಈಗ ಮುಚ್ಚಿಡುವುದೇನು, ತುಂಬ ಇಷ್ಟವಾಗುತ್ತಿತ್ತು. ತರಗತಿಯಲ್ಲಿ ಹುಡುಗರು ಆಕಳಿಸುತ್ತಾರೆ. ಅಲ್ಲಿ ಯಾರೂ ಆಕಳಿಸುತ್ತಿರಲಿಲ್ಲ.

ನೀವು ಕೇಳಿದಿರಿ, ನಾನು ಮುಚ್ಚಳ ತಿರುವಿದೆ. ಇಷ್ಟು ಸಾವಿರ ಜನ ಹೋಗುತ್ತಾರೆ, ತೊಂದರೆಯಾಗುವುದು ಕೆಲವರಿಗೆ. ಕಂಪನಿ ಎಲ್ಲರಿಂದ ತೆಗೆದುಕೊಳ್ಳುವುದು ಯಾವಾಗಲೂ ಕೊಡುವುದಕ್ಕಿಂತ ಹೆಚ್ಚು, ಇಲ್ಲವಾದರೆ ಅದು ಬಾಗಿಲು ಹಾಕಿಕೊಂಡು ಹೋಗಬೇಕಾಗುತ್ತದೆ. ಹಾಗಾಗಿ ಸರಾಸರಿ ನೋಡಿದರೆ ಕೊಳ್ಳುವವರಿಗೇ ನಷ್ಟ. ‘ಹೆದರಿಕೆಗೆ ಕಟ್ಟೋ ಸುಂಕರೀ ಅದು’ ಎಂದೆ. ಎಲ್ಲರೂ ನಕ್ಕರು. ನೀವು ಮಾತ್ರ ಪೂರ್ತಿ ನಗಲಿಲ್ಲ.

“ಅಮ್ಮನಿಗೆ ವಯಸ್ಸಾಗಿದೆ ಅಲ್ವಾ ಮೇಡಂ, ಅದಕ್ಕೆ ಒಂದು ಡೌಟು,” ಎಂದಿರಿ. ಸ್ವಲ್ಪ ತಡೆದು ಮತ್ತೆ ಕೇಳಿದಿರಿ. “ನೀವು ನಿಮ್ಮ ಟ್ರಿಪ್ಪಿಗೆ ತೆಗೊಂಡಿದ್ದೀರಾ?”

“ನಾನಾ? ಇಲ್ರೀ.”

ಇಷ್ಟೇ. ಯೋಚಿಸಿ ಹೇಳಿದ ಸುಳ್ಳಲ್ಲ, ಬಾಯಿಂದ ಜಾರಿದ್ದು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಜಾರಿದ್ದರೆ ಎತ್ತಿಕೊಳ್ಳಬಹುದಿತ್ತಲ್ಲ — ಅಲ್ಲೇ, ಆಗಲೇ. ಅಷ್ಟು ಜನರ ಮುಂದೆ, ಅಷ್ಟು ನಗಿಸಿದ ಮೇಲೆ, ನಾನೂ ಹೆದರಿ ವಿಮೆ ಮಾಡಿಸಿದವಳೇ ಎಂದು ಒಪ್ಪಿಕೊಳ್ಳಲು ನನಗೆ ನಾಚಿಕೆಯಾಯಿತು.

ಯಜಮಾನರು ಪಕ್ಕದಲ್ಲೇ ಕುಳಿತಿದ್ದರು. ಮನೆಗೆ ಬರುವಾಗ ಬಸ್ಸಿನಲ್ಲಿ ಕೇಳಿದರು: “ಯಾಕ ಸುಳ್ಳು ಹೇಳಿದಿ ಆ ಹುಡುಗಿಗೆ?”

“ನಮ್ದು ಬ್ಯಾರೆ. ನಿಮಗ ಶುಗರ್ ಐತಿ, ಸ್ಟೆಂಟ್ ಹಾಕ್ಯಾರ,” ಎಂದೆ.

“ಅವರವ್ವಗ ಎಪ್ಪತ್ತಾಗ್ಯಾವ. ಮನಿ ಮುಟ್ಟಿದ ಕೂಡ್ಲೆ ಫೋನ್ ಹಚ್ಚಿ ಹೇಳು.”

ಹಚ್ಚಲಿಲ್ಲ. ನೀವು ಹೊರಡಲು ಇನ್ನೂ ಹತ್ತು ದಿನವಿತ್ತು, ಲವೀನಾ. ಒಂದು ದಿನ ಮೊಬೈಲಿನಲ್ಲಿ ‘ಅಮ್ಮನಿಗಾದರೂ ವಿಮೆ ಮಾಡಿಸಿಬಿಡಿ’ ಎಂದು ಟೈಪ್ ಮಾಡಿದೆ. ‘ಯಾಕೆ ಮೇಡಂ?’ ಎಂದು ನೀವು ಕೇಳಿದರೆ ಏನು ಹೇಳುವುದು — ಅಳಿಸಿದೆ. ನನ್ನ ಲೆಕ್ಕದ ಮರ್ಯಾದೆ ಉಳಿಯಿತು.

ಆ ಲೆಕ್ಕ ತಪ್ಪಾಗಿರಲಿಲ್ಲ, ಅರ್ಧವಾಗಿತ್ತು. ಉಳಿದರ್ಧವನ್ನು ನಾನು ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ಮೊದಲ ತಿಂಗಳಲ್ಲೇ ಕಲಿಸುತ್ತೇನೆ. ಸರಾಸರಿ ಎನ್ನುವುದು ಸಾವಿರ ಸಲ ಆಡಬಲ್ಲವರಿಗೆ, ಒಂದು ಸಲ ಸೋತರೆ ಇನ್ನೊಂದು ಸಲ ಸುಧಾರಿಸಿಕೊಳ್ಳಬಲ್ಲವರಿಗೆ. ಒಂದೇ ಸಲಕ್ಕೆ ನೆಲಕಚ್ಚುವವರು ಅದನ್ನು ನಂಬಿ ಕೂರಬಾರದು. ಕಂಪನಿಗೆ ಸಾವಿರಾರು ಜನ ಪ್ರವಾಸಿಗರು. ನಿಮಗೆ ಒಬ್ಬರೇ ಅಮ್ಮ. ಇದು ಗೊತ್ತಿದ್ದುದರಿಂದಲೇ ನಾನು ನನ್ನ ಗಂಡನಿಗೆ ವಿಮೆ ಮಾಡಿಸಿದ್ದು. ನಿಮ್ಮ ಅಮ್ಮನ ಪಾಲಿಗೆ ಬಂದಾಗ ನಗು ಬರುವ ಅರ್ಧವನ್ನಷ್ಟೇ ಹೇಳಿ ನಿಲ್ಲಿಸಿದೆ.

ಮುಂದಿನದು ನಿಮಗೇ ಚೆನ್ನಾಗಿ ಗೊತ್ತು. ಹೋಟೆಲಿನ ಬಚ್ಚಲಲ್ಲಿ ಅಮ್ಮ ಜಾರಿದರು, ಸೊಂಟದ ಮೂಳೆ ಮುರಿಯಿತು. ಅಲ್ಲಿನ ವೈದ್ಯರು ಮರುದಿನವೇ ಆಪರೇಷನ್ ಮಾಡೋಣ ಎಂದರು. ಅವರು ಹೇಳಿದ ಖರ್ಚು ನಿಮ್ಮ ಕೈಗೆ ಎಟುಕುವಂಥದ್ದಾಗಿರಲಿಲ್ಲ. ನೋವಿನ ಇಂಜೆಕ್ಷನ್ ಕೊಡಿಸಿ, ವೈದ್ಯರ ಪತ್ರ, ವಿಮಾನದವರ ಒಪ್ಪಿಗೆ ಎಂದು ಓಡಾಡಿ ಇಲ್ಲಿಗೆ ಕರೆತರುವಷ್ಟರಲ್ಲಿ ಆರು ದಿನ ಕಳೆದಿತ್ತು. ಬೇಗ ಆಗಿದ್ದರೆ ಚೆನ್ನಾಗಿರುತ್ತಿತ್ತು ಎಂದರು ಇಲ್ಲಿನ ವೈದ್ಯರು. ಆ ಆರು ದಿನ ನಾನು ಸಿಂಗಪುರದಲ್ಲಿ ಯಜಮಾನರ ಜೊತೆ ತಿರುಗಾಡಿಕೊಂಡಿದ್ದೆ. ನಮಗೆ ಒಂದು ಸೀನೂ ಬರಲಿಲ್ಲ.

ಕಸ್ಬಾದ ನಿಮ್ಮ ಮನೆಗೆ ಬಂದಾಗಲೆಲ್ಲ ನೋಡುತ್ತೇನೆ. ಮೊದಲು ಅಮ್ಮ ಬೆಳಗಾದರೆ ಒಬ್ಬರೇ ಮೀನಿನ ಮಾರ್ಕೆಟ್ಟಿಗೆ ಹೋಗುತ್ತಿದ್ದರು. ಬಂಗಾಳಿ ಬಾರದಿದ್ದರೂ ಕುಂದಾಪುರದ ಮಾತಿನಲ್ಲೇ ಚೌಕಾಶಿ ಮಾಡಿ, ಗೆದ್ದು, ಪಾಡಾದ ನೆರೆಹೊರೆಯವರನ್ನೆಲ್ಲ ಮಾತಾಡಿಸಿಕೊಂಡು ಬರುತ್ತಿದ್ದರು. ಈಗ ಕಿಟಕಿಯವರೆಗೆ ಹೋಗುವುದಕ್ಕೂ ವಾಕರ್ ಬೇಕು. ನೀವು ಆಫೀಸಿಗೆ ಹೋಗುವ ಮುನ್ನ ತಂದಿಟ್ಟ ಮೀನನ್ನು ಮುಟ್ಟಿ ನೋಡಿ, “ಇದು ನಿನ್ನೆಯದ್ದು, ನಿಂಗೆ ಮೀನು ನೋಡ್ಲಿಕ್ಕೇ ಬರುದಿಲ್ಲ,” ಎಂದು ನಿಮ್ಮನ್ನು ಬೈಯುತ್ತಾರೆ. ನಾವೆಲ್ಲ ನಗುತ್ತೇವೆ. ನಾನೂ ನಗುತ್ತೇನೆ, ನನಗೆ ನನ್ನ ಮೇಲೆಯೇ ಹೇಸಿಗೆಯಾಗುತ್ತದೆ.

ನೀವು ಒಂದು ಸಲವಾದರೂ ನನ್ನನ್ನು ಬೈದಿದ್ದರೆ ನಾನು ಇಷ್ಟು ದಿನ ಸುಮ್ಮನಿರುತ್ತಿರಲಿಲ್ಲವೇನೋ... ಇಲ್ಲ, ಇದೂ ತಪ್ಪನ್ನು ನಿಮ್ಮ ಮೇಲೆ ಹೊರಿಸುವ ಮಾತೇ ಆಯಿತು. ಬಿಡಿ.

ಹೋದ ಭಾನುವಾರ ಏನಾಯಿತೆಂದು ಹೇಳಿ ಮುಗಿಸುತ್ತೇನೆ. ನಮ್ಮ ಗುಂಪಿಗೆ ಹೊಸದಾಗಿ ಬಂದ ಆ ಗಂಡ ಹೆಂಡತಿ ಪೂಜಾ ರಜೆಗೆ ವಿಯೆಟ್ನಾಮಿಗೆ ಹೊರಟಿದ್ದೇವೆ, ವಿಮೆ ಬೇಕಾ ಎಂದು ನನ್ನನ್ನು ಕೇಳಿದರು. ಎಲ್ಲರೂ ನಿಮ್ಮ ಮುಖ ನೋಡಿದರು. ನೀವು ನನಗಿಂತ ಮೊದಲೇ ಮಾತಾಡಿದಿರಿ, ನನ್ನನ್ನು ಉಳಿಸುವುದಕ್ಕೆ.

“ಮೇಡಂ ಲೆಕ್ಕ ಅವತ್ತು ಸರಿಯೇ ಇತ್ತು. ಅವರೂ ತೆಗೊಂಡಿರ್ಲಿಲ್ಲ, ಅವರಿಗೆ ಎಂತ ಆಯ್ತು? ಎಂತದೂ ಇಲ್ಲ. ನಾನು ಅಮ್ಮನ ವಿಷಯದಲ್ಲಿ ಜಿಪುಣತನ ಮಾಡಿದೆ, ಅಷ್ಟೇ. ಅದು ನನ್ನ ತಪ್ಪು.”

ನಾನು ಆ ದಂಪತಿಗೆ ವಿಮೆ ಮಾಡಿಸಿಕೊಳ್ಳಿ ಎಂದೆ. ಯಾರೋ ‘ಏನ್ ಮೇಡಂ, ಲೆಕ್ಕ ಬದಲಾಯ್ತಾ?’ ಎಂದು ಛೇಡಿಸಿದರು. ಹೌದು, ಕಾಲ ಬದಲಾಗಿದೆ ಎಂದು ನಕ್ಕುಬಿಟ್ಟೆ. ನೀವು ನನ್ನ ಪಕ್ಕದಲ್ಲೇ ಕುಳಿತು ನನ್ನ ತಟ್ಟೆಗೆ ಇನ್ನೊಂದು ಲುಚಿ ಪೂರಿ ಹಾಕಿದಿರಿ. ನಾನು ಅದನ್ನೂ ತಿಂದೆ.

ಮೂರು ವರ್ಷದಿಂದ ನೀವು ಅಮ್ಮನ ಹಿಂದೆ ಮುಂದೆ ಅಪರಾಧಿಯಂತೆ ಓಡಾಡುತ್ತಿದ್ದೀರಿ. ಪ್ರಮೋಷನ್ನಿನ ಜೊತೆ ಬಂದ ಪುಣೆಯ ಕೆಲಸ ಬಿಟ್ಟಿರಿ. ಪ್ರಾಯಶ್ಚಿತ್ತ ಅದು ಎಂದು ನನಗೆ ಗೊತ್ತಿತ್ತು. ಜಿಪುಣರಾಗಿರಲಿಲ್ಲ ನೀವು. ಅನುಮಾನ ಬಂತು, ಕೇಳಿದಿರಿ, ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದಿರಿ. ಉತ್ತರ ಕೊಟ್ಟವಳು ನಾನು. ನಿಜ ಹೇಳಿದ್ದರೆ ನಾವು ಹತ್ತಿದ ಬಸ್ಸು ಗರಿಯಾಹಾಟು ದಾಟುವ ಮೊದಲೇ ನೀವು ವಿಮೆ ಮಾಡಿಸಿಬಿಟ್ಟಿರುತ್ತಿದ್ದಿರಿ. ಅದರಲ್ಲಿ ನನಗೆ ಸಂಶಯವಿಲ್ಲ.

ಈ ಪತ್ರ ನಾಳೆ ನಿಮ್ಮ ಕೈ ಸೇರುತ್ತದೆ. ಭಾನುವಾರ ಕಸ್ಬಾಕ್ಕೆ ಬರುತ್ತೇನೆ, ಇದನ್ನೇ ಅಮ್ಮನ ಎದುರು ಬಾಯಿಬಿಟ್ಟು ಹೇಳುತ್ತೇನೆ. ಮುಂದಿನ ತಿಂಗಳು ನಮ್ಮವರೆಲ್ಲ ಸೇರಿದಾಗ ಅಲ್ಲಿಯೂ ಹೇಳುತ್ತೇನೆ, ಯಾರು ಏನಾದರೂ ಅಂದುಕೊಳ್ಳಲಿ. ಕ್ಷಮೆ ಕೇಳಲು ಬರುತ್ತಿಲ್ಲ. ಕೇಳಿದರೆ ನೀವು ಕೊಟ್ಟುಬಿಡುತ್ತೀರಿ, ನಿಮ್ಮ ಸ್ವಭಾವ ನನಗೆ ಗೊತ್ತು. ನೀವು ಬಾಗಿಲು ತೆರೆಯದಿದ್ದರೆ ಹೊರಗೆ ನಿಂತೇ ಹೇಳುತ್ತೇನೆ, ಒಳಗೆ ಕುಳಿತ ಅಮ್ಮನಿಗೆ ಕೇಳುವಷ್ಟು ಗಟ್ಟಿಯಾಗಿ: ನಿಮ್ಮ ಮಗಳದ್ದು ಏನೂ ತಪ್ಪಿಲ್ಲ.