ಕುಂಕುಮವಿಲ್ಲದ ಅಂಚು

ನನ್ನ ಕೆಲಸವೇ ಅನುಮಾನ ಪಡುವುದು. ಕಲಾಕೃತಿಗಳ ಅಸಲಿ ನಕಲಿ ನೋಡಿ ಬೆಲೆ ಕಟ್ಟುವವನು ನಾನು. ಹೈದರಾಬಾದಿನ ದೊಡ್ಡ ಮನೆಗಳಲ್ಲಿ ಯಾರಾದರೂ ‘ಅಜ್ಜನ ಕಾಲದ್ದು’ ಎಂದು ಬಾಯಿ ತೆರೆದರೆ ಸಾಕು, ನನ್ನ ಹುಬ್ಬು ಮೇಲೇರುತ್ತದೆ.

ಅಕ್ಕನ ಮನೆಯ ಗೋಡೆಯ ಮೇಲೊಂದು ಪ್ರಿಂಟ್ ಇತ್ತು. ತೀರಿಹೋದ ಜಗತ್ಪ್ರಸಿದ್ಧ ಪಾಪ್ ಶೈಲಿಯ ಚಿತ್ರಕಲಾವಿದನದು. ಹಲ್ಲುಜ್ಜುವ ಪೇಸ್ಟಿನ ಟ್ಯೂಬೊಂದು ಕಣ್ಣು ಕುಕ್ಕುವ ಬಣ್ಣಗಳಲ್ಲಿ. ರಕ್ಷಣಾ ಕಾರ್ಖಾನೆಯಲ್ಲಿದ್ದ ಭಾವನಿಗೆ ವಿದೇಶಿ ಎಂಜಿನಿಯರೊಬ್ಬ ಊರಿಗೆ ಮರಳುವಾಗ ಕೊಟ್ಟದ್ದಂತೆ. ಭಾವ ಬಡಾಯಿಯ ಮನುಷ್ಯ. ನಾನಂತೂ ನಂಬಿರಲಿಲ್ಲ. ಭಾವ ತೀರಿಕೊಂಡ ಮೇಲೆ ಅಕ್ಕನ ಮೈದುನಂದಿರು ಅದನ್ನು ಕ್ಯಾಲೆಂಡರ್ ಎಂದು ನಕ್ಕರು. ಅಕ್ಕನಿಗೆ ಅದು ಚುಚ್ಚಿತು.

“ಮಾರೂದಲ್ಲ ತಮ್ಮಾ. ಅವರು ಹೇಳಿದ್ದು ಖರೇ ಇತ್ತೋ ಇಲ್ಲೋ, ಅಷ್ಟ ನೋಡಿ ಹೇಳು.”

ಚೌಕಟ್ಟು ಬಿಚ್ಚಿ, ಹಾಳೆ ಹೊರತೆಗೆದು ಭೂತಗನ್ನಡಿ ಹಿಡಿದೆ. ಅಸಲಿಯಾದರೆ, ಕೈಯಿಂದ ಒತ್ತಿದ ಬಣ್ಣ ಪದರ ಪದರವಾಗಿ ಗಟ್ಟಿಯಾಗಿ ಕೂತಿರಬೇಕು. ಇಲ್ಲಿ ಪತ್ರಿಕೆಯ ಫೋಟೋದಲ್ಲಿರುವಂಥ ಸಣ್ಣ ಚುಕ್ಕಿಗಳು. ಸುಳ್ಳೇಕೆ, ಒಳಗೊಳಗೇ ಖುಷಿಯಾಯಿತು.

“ನಕಲಿ ಐತಿ ಅಕ್ಕಾ.”

ಅವಳು ಹಾಳೆಯ ಕೆಳಗಿನ ಬಿಳಿ ಅಂಚನ್ನೇ ನೋಡುತ್ತಿದ್ದಳು. “ಕುಂಕುಮ ಎಲ್ಲೈತಿ?”

ಚಿತ್ರ ಬಂದ ದಿನ, ಮನೆಗೆ ಹೊಸ ವಸ್ತು ಬಂತೆಂದು ಅವಳು ಅದರ ಅಂಚಿಗೆ ಅರಿಷಿಣ ಕುಂಕುಮ ಹಚ್ಚಿದ್ದಳಂತೆ. ಭಾವ ಕೂಗಾಡಿ, ಕಲೆ ಕಾಣದ ಹಾಗೆ ಅಂಚನ್ನು ಚೌಕಟ್ಟಿನೊಳಗೆ ಮುಚ್ಚಿಸಿದ್ದರಂತೆ. ಈ ಅಂಚಿನಲ್ಲಿ ಒಂದು ಚುಕ್ಕೆಯೂ ಇಲ್ಲ.

ಅಂದರೆ ಭಾವ ತಂದದ್ದು ಇದಲ್ಲ. ಯಾರೋ ಬದಲಾಯಿಸಿದ್ದಾರೆ. ಕ್ಯಾಲೆಂಡರನ್ನು ಯಾರೂ ಹಾಗೆ ಕದಿಯುವುದಿಲ್ಲ. ಭಾವ ಹೇಳಿದ್ದು ನಿಜವೇ ಇರಬೇಕು.

“ಇದನ್ನ ಯಾರ್ಯಾರು ಬಿಚ್ಚ್ಯಾರ?” ಪೊಲೀಸನ ಹಾಗೆ ಕೇಳಿದೆ.

ಅಕ್ಕ ಬಿಚ್ಚಿಟ್ಟ ಗಾಜಿನ ಮೇಲೆ ಬೆರಳಾಡಿಸಿದಳು. “ಗಾಜು ಒಡೆದಾಗ ಒಮ್ಮೆ. ಹಿಮಾಯತ್‌ನಗರದ ಫ್ರೇಮಿನ ಅಂಗಡಿಗೆ ನೀನ ಒಯ್ದಿದ್ದಿಯಲ್ಲ.”

ಹೌದು, ಒಯ್ದಿದ್ದೆ. ಅಂಗಡಿಯವನಿಗೆ ಕೊಟ್ಟು, ಗಾಜು ಹಾಕಿದ ಮೇಲೆ ತಂದಿದ್ದೆ. ಒಳಗೆ ನೋಡಿರಲಿಲ್ಲ. ಈಗ ಅಲ್ಲಿ ಮೊಬೈಲ್ ಅಂಗಡಿ ಇದೆ. ಇದನ್ನೆಲ್ಲ ಹೇಳುತ್ತ ಹೋದಂತೆ ನನ್ನ ದನಿ ನನಗೇ ಸುಳ್ಳುಗಾರನದೆನಿಸಿತು. ಬೇರೆಯವರ ಮನೆಗಳಲ್ಲಿ ಇಂಥ ಕಥೆಗೇ ನಾನು ಹುಬ್ಬೇರಿಸುತ್ತಿದ್ದುದು. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು.

“ಕೊಡು, ಆಫೀಸಿಗೆ ಒಯ್ದು ಇನ್ನೊಮ್ಮೆ ನೋಡತೀನಿ,” ಎಂದು ಕೈ ಚಾಚಿದೆ.

ಅಕ್ಕ ಆ ನಕಲಿ ಹಾಳೆಯನ್ನು ಎರಡೂ ಕೈಯಿಂದ ಎದೆಗವಚಿಕೊಂಡಳು.

“ಬ್ಯಾಡಪ್ಪಾ. ಇದಾದ್ರೂ ಇಲ್ಲೇ ಇರಲಿ.”