ಬಿಳಿ ಪೆಟ್ಟಿಗೆಯ ಔಟ್‌ಟರ್ನ್

ನಾನು ಓದಿದ್ದು ಹತ್ತನೇ ತರಗತಿಯವರೆಗೆ. ಆಮೇಲೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಗೋಣಿಕೊಪ್ಪಲಿನ ಒಬ್ಬ ಕಾಫಿ ವ್ಯಾಪಾರಿಯ ಬಳಿ ಲೆಕ್ಕ ಬರೆಯುವ ರೈಟರ್ ಆಗಿದ್ದೆ. ಬೆಳೆಗಾರರು ತಂದ ಚೀಲದಿಂದ ಸ್ವಲ್ಪ ಕಾಫಿ ತೆಗೆದು, ಸಿಪ್ಪೆ ಬಿಡಿಸಿ, ಉಳಿದ ಬೀಜ ತೂಗಿ ಔಟ್‌ಟರ್ನ್, ಅಂದರೆ ಚೀಲದಲ್ಲಿ ಬೀಜ ಎಷ್ಟು ಪಾಯಿಂಟ್ ಎಂದು, ಹೇಳುವುದು ನನ್ನ ಕೆಲಸ. ಚೀಲ ಎಷ್ಟೇ ತುಂಬಿರಲಿ, ಬೆಲೆ ನಿಲ್ಲುವುದು ಒಳಗಿನ ಬೀಜದ ಮೇಲೆ. ಕೆಲಸ ಬಿಟ್ಟ ಮೇಲೂ ಆ ಅಭ್ಯಾಸ ಹೋಗಲಿಲ್ಲ. ಮಿಕ್ಸಿ, ಮೊಬೈಲು, ಮದುವೆ ಸಂಬಂಧ, ಏನೇ ಬಂದರೂ ಸಿಪ್ಪೆ ಎಷ್ಟು, ಬೀಜ ಎಷ್ಟು ಎಂದು ನೋಡುತ್ತಿದ್ದೆ. ಮಗಳ ಮದುವೆಯಲ್ಲಿ ನನ್ನ ಅಂದಾಜು ತಪ್ಪಿತು.

ಮಗಳು ಗಂಡನನ್ನು ಬಿಟ್ಟು ನನ್ನ ಮನೆಗೆ ಬಂದಾಗ ಎರಡೂ ಕಡೆಯ ಹಿರಿಯರು ಕೂತು ಮಕ್ಕಳನ್ನೂ ಹಂಚಿದರು. ಹುಡುಗಿ ತಾಯಿಯ ಜೊತೆ ಬಂದಳು. ಅವಳಿಗಿಂತ ಎರಡು ವರ್ಷ ದೊಡ್ಡವನಾದ ಹುಡುಗ ಎಲ್ಲರ ಎದುರಿಗೇ, "ನಾನು ಅಪ್ಪನ ಹತ್ರ ಇರ್ತೀನಿ" ಎಂದು ಕುಶಾಲನಗರದಲ್ಲೇ ಉಳಿದ. ಆ ವರ್ಷ ಹುತ್ತರಿ ಹಬ್ಬಕ್ಕೆ ಅವನನ್ನು ಕಳಿಸಿ ಎಂದು ಹೇಳಿ ಕಳಿಸಿದೆವು. ಬರಲಿಲ್ಲ. ಅಪ್ಪ ಕಳಿಸಲಿಲ್ಲವೋ, ಇವನೇ ಒಲ್ಲೆ ಎಂದನೋ ನಾನು ವಿಚಾರಿಸಲಿಲ್ಲ. ಹದಿನೈದು ವರ್ಷದ ಹುಡುಗನ ಮೇಲೆ ಹಗೆ ಇಟ್ಟುಕೊಂಡೆ.

ಅಣ್ಣತಂಗಿ ಫೋನಿನಲ್ಲಿ ಮಾತಾಡುತ್ತಿದ್ದರು. ಆದರೆ ಇಲ್ಲಿ ನಾವು, ಅಲ್ಲಿ ಅವರು ಕಿವಿಕೊಟ್ಟು ನಿಂತಿರುತ್ತಿದ್ದೆವು. ಊಟ ಆಯ್ತಾ, ಆಯ್ತು, ಅಷ್ಟಕ್ಕೇ ಮುಗಿಯುತ್ತಿತ್ತು. ಹೀಗಿರುವಾಗ ಹುಡುಗನಿಗೆ ಅವನಪ್ಪ ಟಿ.ವಿ.ಗೆ ಹಾಕಿ ಆಡುವ ಕರಿಯ ಗೇಮ್ ಪೆಟ್ಟಿಗೆ ಕೊಡಿಸಿದ. ನಮ್ಮ ಹುಡುಗಿ ನನ್ನ ಕುರ್ಚಿಯ ಪಕ್ಕ ಬಂದು ಕೂತಳು.

"ಅಜ್ಜ, ನಂಗೂ ಅದೇ ಬೇಕು. ಹೆಡ್‌ಫೋನ್ ಹಾಕ್ಕೊಂಡು ಅಣ್ಣನ ಜೊತೆ ಆಡ್ತಾ ಮಾತಾಡ್ಬಹುದು. ಯಾರೂ ಕೇಳಿಸ್ಕೊಳಲ್ಲ."

ನಮ್ಮ ತೋಟದ ಕಾಳುಮೆಣಸು ಮಾರಿದ ದುಡ್ಡು ಕೈಯಲ್ಲಿತ್ತು. ಕೊಡಿಸುತ್ತೇನೆ ಎಂದು ಮಾತು ಕೊಟ್ಟೆ.

ಒಬ್ಬನೇ ಪೇಟೆಗೆ ಹೋದೆ. ಅಂಗಡಿಯವನ ಅಪ್ಪ ಹಿಂದೆ ನಮ್ಮಲ್ಲಿಗೆ ಕಾಫಿ ಹಾಕುತ್ತಿದ್ದ. ನನ್ನನ್ನು ನೋಡಿದ್ದೇ, "ಬನ್ನಿ ರೈಟ್ರೇ, ನಮ್ಮಪ್ಪನ ಕಾಫಿ ಒಣಗಿಲ್ಲ ಅಂತ ಎರಡು ಪಾಯಿಂಟ್ ಕಡಿಮೆ ಮಾಡಿದ್ರಲ್ಲ, ಇಲ್ಲಿ ಏನು ಕಡಿಮೆ ಮಾಡ್ತೀರಿ?" ಎಂದ.

"ಒಣಗಿರ್ಲಿಲ್ಲ ಮಾರಾಯ, ಅದಕ್ಕೇ ಮಾಡ್ದೆ. ಈಗ ಸಾಮಾನು ತೋರ್ಸು."

ಕರಿಯದು, ಬಿಳಿಯದು ಎರಡನ್ನೂ ಮುಂದಿಟ್ಟ. ಕರಿಯದರ ಬೆಲೆ ಐವತ್ತು ಸಾವಿರ ದಾಟಿತ್ತು. ಆಟದ ಒಂದೊಂದು ಡಿಸ್ಕಿಗೂ ಮತ್ತೆ ನಾಲ್ಕೈದು ಸಾವಿರ. ಬಿಳಿಯದು ಬೇರೆ ಕಂಪನಿಯದು, ಮೂವತ್ತೈದರ ಆಸುಪಾಸು. ಅದಕ್ಕೆ ಡಿಸ್ಕೇ ಇಲ್ಲ, ತಿಂಗಳಿಗೆ ಇಷ್ಟು ಅಂತ ಕಟ್ಟಿದರೆ ನೂರಾರು ಆಟ ಬರುತ್ತವೆ ಎಂದ. ನಾನು ಕಾಗದ ತೆಗೆದು ಒಂದು ಆಟಕ್ಕೆ ಎಷ್ಟು ಬೀಳುತ್ತದೆ ಎಂದು ಭಾಗಿಸಿದೆ. ಬಿಳಿಯದರ ಔಟ್‌ಟರ್ನ್‌ಗೆ ಕರಿಯದು ಹತ್ತಿರಕ್ಕೂ ಬರುತ್ತಿರಲಿಲ್ಲ.

"ಲೆಕ್ಕ ಸರಿ ರೈಟ್ರೇ. ಆದ್ರೆ ಇದು ಕಾಫಿ ಅಲ್ಲ. ಮಗು ಯಾರ ಜೊತೆ ಆಡೋದು? ಅವ್ರ ಹತ್ರ ಯಾವುದಿದೆಯೋ ಅದೇ ತಗೊಳ್ಬೇಕು. ಕೆಲವು ಆಟ ಕರಿಯದ್ರಲ್ಲಿ ಮಾತ್ರ ಇರ್ತವೆ, ಇದ್ರಲ್ಲಿ ಬರೋದಿಲ್ಲ" ಎಂದ ಅವನು.

"ಯಾರ ಜೊತೆನೂ ಇಲ್ಲ. ಒಬ್ಳೇ ಆಡೋದು" ಎಂದೆ.

ಇದನ್ನು ಬರೆಯುವುದಕ್ಕೇ ಕೂತದ್ದು. ದುಡ್ಡು ಉಳಿಯುತ್ತದೆ ಎಂದು ಬಿಳಿಯದು ತಂದೆ ಅಂತ ಮನೆಯಲ್ಲಿ ಹೇಳಿದೆ, ನನಗೂ ಹಾಗೇ ಹೇಳಿಕೊಂಡೆ. ಮೆಣಸಿನ ದುಡ್ಡಿನಲ್ಲಿ ಕರಿಯದೂ ಬರುತ್ತಿತ್ತು. ಅಪ್ಪನ ಕಡೆ ಹೋಗುವವನು ಹೋಗಿದ್ದಾನೆ, ಇವಳೇಕೆ ಅವನ ಹಿಂದೆ ಬೀಳಬೇಕು ಎಂಬುದು ನನ್ನ ಒಳಗಿನ ಮಾತು. ಅದಕ್ಕೆ ಕಾಗದದ ಲೆಕ್ಕ ಒಳ್ಳೆಯ ಮರೆಯಾಯಿತು.

ಹುಡುಗಿ ಪೆಟ್ಟಿಗೆ ಬಿಚ್ಚಿ ನೋಡಿದಳು.

"ಅಜ್ಜ, ಅಣ್ಣ ಆಡೋ ಆಟ ಇದ್ರಲ್ಲಿ ಬರಲ್ಲ."

"ನೂರಾರು ಬರ್ತವಂತೆ ಪುಟ್ಟಿ. ಆ ದುಡ್ಡಿಗೆ ಕರಿಯದ್ರಲ್ಲಿ ನಾಲ್ಕೇ ನಾಲ್ಕು."

"ಹ್ಞೂಂ" ಎಂದಳು. ಆಮೇಲೆ, "ಥ್ಯಾಂಕ್ಸ್ ಅಜ್ಜ" ಎಂದೂ ಹೇಳಿದಳು. ಬೈದಿದ್ದರೆ ಅಂದೇ ಹೋಗಿ ಬದಲಾಯಿಸಿ ತರುತ್ತಿದ್ದೆನೋ ಏನೋ.

ಒಂದು ವಾರ ಕಾರು ಓಡಿಸುವ ಆಟ ಆಡಿದಳು. ಹೆಡ್‌ಫೋನ್ ಹಾಕಿಕೊಳ್ಳುತ್ತಿರಲಿಲ್ಲ. ಅತ್ತ ಅವನಿಗೆ ಜೊತೆಗೆ ಆಡುವವರು ಬೇರೆ ಸಿಕ್ಕಿದರು. ಸಂಜೆ ಇವಳು ಫೋನ್ ಮಾಡಿದರೆ ಆಟದ ಮಧ್ಯೆ ಎತ್ತಿ, "ಆಮೇಲೆ ಮಾಡ್ತೀನಿ" ಎನ್ನುತ್ತಿದ್ದನಂತೆ. ಬರಬರುತ್ತಾ ಎತ್ತುವುದನ್ನೂ ಬಿಟ್ಟ. ಇವಳು ಮಾಡುವುದನ್ನೂ ಬಿಟ್ಟಳು. ಮಗಳು ಒಂದು ದಿನ, "ಇವ್ಳು ಅವನ ಹೆಸ್ರೇ ಎತ್ತಲ್ವಲ್ಲಪ್ಪ ಈಗ" ಎಂದು ಅತ್ತಳು. ನಾನು ಪೇಪರ್ ಓದುವವನ ಹಾಗೆ ಕೂತಿದ್ದೆ.

ಎರಡು ವರ್ಷವಾಯಿತು. ಈ ಬೇಸಿಗೆಯಲ್ಲಿ ನನಗೆ ಎದೆನೋವು ಬಂದು ಮಡಿಕೇರಿಯ ಆಸ್ಪತ್ರೆಯಲ್ಲಿ ನಾಲ್ಕು ದಿನ ಮಲಗಿದ್ದೆ. ಮನೆಗೆ ಬಂದ ಮೇಲೆ ಹುಡುಗಿಯನ್ನು ಕರೆದು, ಅಂಗಡಿಯಲ್ಲಿ ನಾನು ಆಡಿದ ಮಾತನ್ನೂ ಅದರ ಹಿಂದಿದ್ದ ಮಾತನ್ನೂ ಹೇಳಿದೆ. ಅವಳು ನನ್ನ ಮಾತ್ರೆಗಳನ್ನು ಡಬ್ಬಿಗೆ ಹಾಕುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಕರಿಯದು ಈಗ ತರ್ತೀನಿ" ಎಂದೆ.

"ಅಣ್ಣನ್ನ ಕೇಳಿ ಮೊದ್ಲು."

ಅವಳ ಎದುರಿಗೇ ಕುಶಾಲನಗರಕ್ಕೆ ಫೋನ್ ಮಾಡಿದೆ. ಗಂಡಸಿನ ದನಿ. ಅವನಪ್ಪನೇ ಎಂದುಕೊಂಡೆ. ಹುಡುಗನೇ. ಯಾರೆಂದು ಹೇಳಿದೆ. "ಹೇಳಿ, ಆರೋಗ್ಯ ಹೇಗಿದೆ?" ಎಂದ. ಅಜ್ಜ ಎನ್ನಲಿಲ್ಲ. ತಂಗಿ ನಿನ್ನ ಜೊತೆ ಆಡಬೇಕು ಅಂತಿದ್ದಾಳೆ ಎಂದೆ.

"ಅದನ್ನ ಮಾರಿಬಿಟ್ಟೆ. ಈಗ ಓದೋದಿದೆ, ಇಡ್ಲಾ?" ಎಂದು ಇಟ್ಟ.

"ಏನಂದ?" ಎಂದು ಹುಡುಗಿ ಕೇಳಿದಳು. ಲೈನ್ ಸರಿಯಿರಲಿಲ್ಲ ಎನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು.

"ಮಾರಿಬಿಟ್ಟನಂತೆ. ನಿನ್ನ ವಿಷಯ ಏನೂ ಕೇಳ್ಲಿಲ್ಲ" ಎಂದೆ.

ಡಬ್ಬಿ ಮುಚ್ಚಿಟ್ಟು ಹೊರಗೆ ಹೋದಳು. ಹಿಂದೆ ಹೋಗಬೇಕೆನಿಸಿತು. ಬಾಗಿಲವರೆಗೆ ಹೋಗಿ, ಮತ್ತೆ ಕುರ್ಚಿಗೆ ಬಂದು ಕೂತೆ.