ಮೊಮ್ಮಗಳ ಕೌದಿಗೆ ಒಂದು ಹರಕು ಸೀರೆ

ಮಗಳು ಹೆತ್ತ ಸುದ್ದಿಯನ್ನು ಅವಳ ಅತ್ತೆಯ ಮನೆಗೆ ಮುಟ್ಟಿಸಲು ನಾವು ಕಮಲಾಪುರದಿಂದ ಕಲಬುರಗಿಗೆ ಆಳನ್ನು ಕಳಿಸಿದ್ದೆವು. ಹೋಗುವಾಗ ಅವನ ಕೈಯಲ್ಲಿ ಸಕ್ಕರೆಯ ಪೊಟ್ಟಣ ಕೊಟ್ಟಿದ್ದೆ. ಮರುದಿನ ಅವನು ಕಾಲೆಳೆಯುತ್ತ ಬಂದ.

“ಏನಂದ್ರೋ ಬೀಗರು?”

“ಹೂಂ ಅಂದ್ರುರೀ ಯವ್ವಾ.”

“ಮತ್ತ?”

“ಸಕ್ರಿ ತಗೊಂಡ್ರು. ಮತ್ತೊಂದು ಸಲ ಹೂಂ ಅಂದ್ರು.”

ಗಂಡು ಹುಟ್ಟಿದ್ದರೆ ಅವರ ಶಹಾಬಜಾರದ ಓಣಿಯ ತುಂಬ ಬಾಜಾ ಬಜಂತ್ರಿ ಆಗುತ್ತಿತ್ತು. ಹೆಣ್ಣಾದ್ದರಿಂದ ಎರಡು ಹೂಂ. ಆಗಲಿ ಬಿಡಿ. ಅವರು ಹೂಂ ಅನ್ನುವಷ್ಟು ಹೊತ್ತಿನಲ್ಲಿ ನಾನು ಕೂಸಿನ ಎರಡೂ ಅಂಗಾಲಿಗೆ ಮುತ್ತು ಕೊಟ್ಟು, ಕಿವಿಯಲ್ಲಿ ಮೊಮ್ಮಗಳೇ ಎಂದು ಕರೆದು, ಓಣಿಗೆಲ್ಲ ಸಕ್ಕರೆ ಬೀರಿ, ನನ್ನ ಮೊಮ್ಮಗಳಂಥ ಮೊಮ್ಮಗಳು ನಿಜಾಮ ಸರಕಾರದ ಸೀಮೆಯಲ್ಲೇ ಇಲ್ಲ ಎಂದು ಸಾರಿಕೊಂಡು ಬಂದಿದ್ದೆ. ಈಗಲೂ ಸಾರುತ್ತೇನೆ. ಬರೆಯಲು ಕೂತದ್ದೂ ಅದಕ್ಕೇ. ನಾನು ಅಕ್ಷರ ಕಲಿತದ್ದು ಮಠದ ಕಟ್ಟೆಯ ಮೇಲೆ, ಉಸುಕಿನಲ್ಲಿ ಬೆರಳಾಡಿಸಿ. ಒತ್ತಕ್ಷರಕ್ಕೆ ಬರುವಷ್ಟರಲ್ಲಿ ಮದುವೆ ಮಾಡಿಬಿಟ್ಟರು. ಎಲ್ಲಾದರೂ ಒತ್ತು ತಪ್ಪಿದರೆ ನಮ್ಮಪ್ಪನನ್ನು ಕೇಳಿಕೊಳ್ಳಿ.

ಹೆರಿಗೆ ಮಾಡಿಸಿದ ಸೂಲಗಿತ್ತಿ ಹಣ್ಣು ಮುದುಕಿ. ನಮ್ಮ ಊರಿನ ಅರ್ಧ ಜನ ಅವಳ ಕೈಯಲ್ಲೇ ಭೂಮಿಗೆ ಬಿದ್ದವರು, ಅದಕ್ಕಾಗಿ ಎಲ್ಲರನ್ನೂ ಏಕವಚನದಲ್ಲಿ ಬೈಯುವ ಹಕ್ಕು ಅವಳಿಗಿತ್ತು. ಕೂಸಿಗೆ ಎಣ್ಣೆ ತಿಕ್ಕುತ್ತ ಅವಳು ನನಗೆ ಹೇಳಿದಳು:

“ಕೌದಿ ಹೊಲಿಯಾಕ ಕುಂದರಬೇಕು ನೋಡವ್ವ ನೀ. ಹತ್ತು ಮನಿ ಹಳಿ ಅರಿವಿ ಬೇಡಿ ತಾ. ಆದ್ರ ಕೂಸಿನ ಅಪ್ಪನ ಅವ್ವ ಉಟ್ಟು ಹರದ ಸೀರಿ ನಡುವ ಬರಬೇಕು. ಅದು ಇಲ್ದ ತೊಟ್ಟಿಲಿಗೆ ಹಾಕಬ್ಯಾಡ. ನಮ್ಮ ಕೂಸು ಅಂತ ಆ ಮನಿಯವರು ಒಪ್ಪಿಲ್ಲ ಅಂದಂಗ ಆಗ್ತದ.”

ನಮ್ಮ ಕಡೆಯ ರೀತಿ ಇದೇ. ಕೂಸಿನ ಎಳೆ ಮೈಗೆ ಹೊಸ ಅರಿವೆ ಸೋಕಿಸುವುದಿಲ್ಲ. ನಾಲ್ಕು ಜನ ಉಟ್ಟು, ಒಗೆದು, ಮೆತ್ತಗಾದದ್ದೇ ಬೇಕು. ಅದರೊಳಗೆ ತಂದೆಯ ತಾಯಿಯ ಸೀರೆ ಬಂದರೆ ಕೂಸಿಗೆ ಆ ಮನೆಯ ಹೊಸ್ತಿಲು ತೆರೆಯಿತು ಎಂದು ಅರ್ಥ. ಬರದಿದ್ದರೆ ಕೂಸೂ ಕೂಸಿನ ತಾಯಿಯೂ ತವರಿನಲ್ಲೇ ಉಳಿಯಬಹುದು, ಕರೆಯಲು ಯಾರೂ ಬರುವುದಿಲ್ಲ ಎಂದು ಅರ್ಥ. ಮಗಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಮಾತು ಅವಳಿಗೆ ಕೇಳಿಸಿತ್ತು. ಅವಳ ಬೆನ್ನು ನೋಡಿಯೇ ನನಗೆ ಅದು ತಿಳಿಯಿತು.

ಮೊದಲು ಊರೊಳಗೆ ಹೊರಟೆ. ಹಳೆಯ ಅರಿವೆ ಬೇಡಲು ಹೋದರೆ ಮನುಷ್ಯರ ಬಣ್ಣ ತಿಳಿಯುತ್ತದೆ. ಗೌಡರ ಮನೆಯಲ್ಲಿ ಬೂಸಲು ಹಿಡಿದ ಒಂದು ರುಮಾಲು ಕೊಟ್ಟರು. ಕೊಡುವಾಗ ಆ ರುಮಾಲು ಸುತ್ತಿಕೊಂಡು ಅಜ್ಜನವರು ಎಂತೆಂಥವರ ಮುಂದೆ ನಿಂತಿದ್ದರು ಎಂಬ ಕಥೆಯನ್ನೂ ಕೊಟ್ಟರು. ಕಥೆ ರುಮಾಲಿಗಿಂತ ಉದ್ದವಿತ್ತು. ತಹಸೀಲು ಕಚೇರಿಯ ಪೇಶಕಾರರ ಹೆಂಡತಿ ಗಂಡನ ಶೇರವಾನಿಯ ಒಂದು ತೋಳು ತಂದಳು. ಒಂದೇ ತೋಳು. ಅದರ ತುದಿಯಲ್ಲಿ ಇದ್ದ ಗುಂಡಿಯನ್ನು ನನ್ನ ಎದುರಿಗೇ ಕತ್ತರಿಸಿಕೊಂಡಳು.

“ಗುಂಡಿ ಕೂಸಿಗೆ ಚುಚ್ಚತದರೀ,” ಎಂದು ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಎಂಥ ಅಂತಃಕರಣ!

ಮನಸ್ಸು ಬಿಚ್ಚಿ ಕೊಟ್ಟವಳು ಒಬ್ಬಳೇ, ಬಾಜೂ ಮನೆಯ ದರ್ಜಿಯ ಹೆಂಡತಿ. ಚೀಲದ ತುಂಬ ಚಿಂದಿ ತಂದು ನನ್ನ ಪಡಸಾಲೆಯಲ್ಲಿ ಸುರುವಿದಳು. ಕೆಂಪು, ಹಳದಿ, ಆನಂದ ಬಣ್ಣ, ಚುಕ್ಕೆಯದು, ಗೀರಿನದು. “ಲೇವೋ ಅಕ್ಕಾ, ತುಮ್ಹಾರಿ ನವಾಸಿಗೆ. ಎಲ್ಲಾ ಒಗದದ್ದದ,” ಎಂದಳು. ನವಾಸಿ ಅಂದರೆ ಮಗಳ ಮಗಳು. ಬೀಗರ ಬಾಯಿಂದ ಬರದ ಮಾತು ಅವಳ ಬಾಯಿಂದ ಬಂತು.

ಇನ್ನು ಉಳಿದದ್ದು ನಡುವಿನ ತುಂಡು. ಅದಕ್ಕಾಗಿ ಗಾಡಿ ಕಟ್ಟಿಸಿದೆ. ಕೆಂಪು ಬಾಳೆಹಣ್ಣಿನ ಗೊನೆ ಹೇರಿಸಿ, ರೊಟ್ಟಿ ಬುತ್ತಿ ಕಟ್ಟಿಕೊಂಡು, ಯಜಮಾನರನ್ನು ಮುಂದೆ ಕೂರಿಸಿ ಹೊರಟೆ.

ಬೀಗರದು ಶಹಾಬಜಾರದಲ್ಲಿ ಅರಿವೆಯ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಓಣಿ ಎಷ್ಟು ಇಕ್ಕಟ್ಟೆಂದರೆ ಎದುರು ಮನೆಯವರು ಕೆಮ್ಮಿದರೆ ಇವರ ಮನೆಯಲ್ಲಿ ಔಷಧ ಕುದಿಸಬೇಕು. ನಮ್ಮ ಬೀಗತಿ ಹೊಸ ಸೀರೆಯುಟ್ಟು, ಮಡಿಕೆ ಮುರಿಯದ ಹಾಗೆ ನೆಟ್ಟಗೆ ಕೂತಿದ್ದಳು. ಬಾಳೆಗೊನೆಯನ್ನು ಕಣ್ಣಲ್ಲೇ ತೂಗಿ ಒಳಗೆ ಕಳಿಸಿದಳು. ನಾನು ಬಂದ ಕಾರಣ ಹೇಳಿದೆ. ಅವಳು ನಕ್ಕಳು.

“ಹಳಿ ಸೀರೀನಾ? ಅರಿವಿ ಅಂಗಡಿಯವರ ಮನ್ಯಾಗ ಹಳಿ ಸೀರಿ ಎಲ್ಲಿಂದ ಬರ್ತದರೀ ಬೀಗತಿ? ನಮ್ಮಲ್ಲಿ ಹರಿಯೂತನ ಉಡೂ ಪದ್ಧತಿ ಇಲ್ಲ. ಹೊಸಾದು ಬೇಕಾದ್ರ ಎಷ್ಟು ಬೇಕಷ್ಟು ಒಯ್ಯಿರಿ.”

“ಹೊಸಾದು ಹಾಕಬಾರದಲ್ರೀ. ನಿಮಗೂ ಗೊತ್ತದ.”

“ಹಂಗಾದ್ರ ಮುಂದಿನ ಸಲ ಮಮ್ಮಗ ಹುಟ್ಲಿ, ಅವಾಗ ನೋಡೂಣು. ಅಷ್ಟರಾಗ ನನ್ನ ಸೀರಿ ಯಾವುದರೇ ಹಳೀದು ಆಗ್ತದ.”

ಇಷ್ಟು ಹೇಳಿ ಅಂಗಡಿಯ ಹೊಸ ಬಟ್ಟೆಯ ಥಾನಿನಿಂದ ಕೆಂಪು ಅರಿವೆ ಹರಿಸಿ, ನನ್ನ ಉಡಿಗೆ ಹಾಕಿದಳು. ನೋಡಿದವರಿಗೆ ಧಾರಾಳ. ನನಗೆ ಮಾತ್ರ ಕದ ಹಾಕಿದ ಸಪ್ಪಳ ಕೇಳಿತು. ಅಳಿಯ ಅಂಗಡಿಯ ಗಾದಿಯ ಮೇಲೆ ಕೂತು ಇದನ್ನೆಲ್ಲ ಕೇಳುತ್ತಿದ್ದ. ತಾಯಿಯ ಎದುರು ಅವನು ಅರಿವೆ ಅಳೆಯುವ ಗಜಕಟ್ಟಿಗೆಯನ್ನು ಒರೆಸುವುದರಲ್ಲಿ ಭಾರಿ ನಿಪುಣ. ಅಷ್ಟು ಹೊತ್ತೂ ಒರೆಸುತ್ತಲೇ ಇದ್ದ.

ಬರುವಾಗ ಮಹಾಗಾಂವದ ಬಾವಿಯ ಹತ್ತಿರ ಎತ್ತಿಗೆ ನೀರು ಕುಡಿಸಲು ನಿಂತೆವು. ಅಲ್ಲಿ ಬೇವಿನ ಗಿಡದ ಕೆಳಗೆ ಪಾತ್ರೆ ಮಾರುವ ಹೆಂಗಸು ಬುಟ್ಟಿ ಇಳಿಸಿ ಕೂತಿದ್ದಳು. ಹಳೆಯ ಅರಿವೆ ತೆಗೆದುಕೊಂಡು ಹಿತ್ತಾಳೆ ಪಾತ್ರೆ ಕೊಡುತ್ತಾಳಲ್ಲ, ಅಂಥವಳು. ಪಕ್ಕದಲ್ಲಿ ಅರಿವೆಯ ಗಂಟು. ಗಂಟಿನ ಬಾಯಿಂದ ಹಸಿರು ಒಡಲಿನ, ಕೆಂಪು ಸೆರಗಿನ ಇಳಕಲ್ಲ ಸೀರೆಯೊಂದು ಇಣುಕುತ್ತಿತ್ತು.

ಆ ಸೀರೆಯನ್ನು ನಾನು ಎಲ್ಲಿ ನೋಡಿದರೂ ಗುರುತಿಸುತ್ತಿದ್ದೆ. ಮಗಳ ಮದುವೆಯಲ್ಲಿ ಬೀಗತಿಗೆಂದು ನಾನೇ ಆರಿಸಿ ತಂದದ್ದು. ಅಂದು ಮಂಟಪದಲ್ಲಿ ಅವಳು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, “ಸೆರಗು ಗಿಡ್ಡದ, ಬಣ್ಣ ಮಂಕದ, ಇರ್ಲಿ, ಆಳಿಗೆ ಕೊಟ್ರಾತು,” ಎಂದಿದ್ದಳು. ಎಲ್ಲರೂ ಕೇಳುವ ಹಾಗೆ. ಈಗ ಬಿಡಿಸಿ ನೋಡುತ್ತೇನೆ, ಸೊಂಟದ ಹತ್ತಿರ ಜಾಳು ಜಾಳಾಗಿದೆ. ನಡುವೆ ಹರಿದದ್ದನ್ನು ಎಳೆ ಕೂಡಿಸಿ ಮುಚ್ಚಿದ ಬೆರಳುದ್ದದ ರಫು. ಸೆರಗಿನ ಅಂಚಿಗೆ ನಶ್ಯದ ವಾಸನೆ. ಆಳು ಮಗಳು ನಶ್ಯ ಎಳೆಯುವುದಿಲ್ಲ. ನಮ್ಮ ಬೀಗತಿ ಕದ್ದು ಎಳೆಯುತ್ತಾಳೆ, ಅದು ಕಲಬುರಗಿಗೆಲ್ಲ ಗೊತ್ತು.

“ಇದು ಎಲ್ಲೀದವ್ವ?” ಎಂದೆ.

“ಶಹಾಬಜಾರದ ದೊಡ್ಡ ಮನೀದುರೀ. ಮುಂದಿನ ಬಾಗಿಲದಾಗ ಮಾತಾಡ್ಸಂಗಿಲ್ಲ, ಹಿತ್ತಲ ಬಾಗಿಲಕ್ಕ ಕರದು ಕೊಡ್ತಾರ. ಒಂದು ತಂಬಿಗಿ ಸಲುವಾಗಿ ನನ್ನ ಜೀವ ತಿಂದ್ರು ನೋಡ್ರಿ. ಸೀರಿ ಇನ್ನಾ ಗಟ್ಟಿ ಅದ, ತಂಬಿಗಿ ಇನ್ನಾ ದೊಡ್ಡದು ಕೊಡು ಅಂತ.”

“ನನಗ ಕೊಡು.”

“ಹಂಗಾದ್ರ ನನಗ ತಂಬಿಗಿ ಕೊಡ್ರಿ.”

ಅವಳ ನ್ಯಾಯ ಸರಿಯಾಗಿತ್ತು. ಗಾಡಿಯಲ್ಲಿದ್ದ ನಮ್ಮ ನೀರಿನ ತಂಬಿಗೆಯನ್ನು ಕೊಟ್ಟುಬಿಟ್ಟೆ. ಅವಳು ಬುತ್ತಿಯ ಕಡೆಯೂ ನೋಡಿದಳು, ರೊಟ್ಟಿ ಶೇಂಗಾ ಹಿಂಡಿಯನ್ನೂ ಕೊಟ್ಟೆ. ಸ್ವಲ್ಪ ದೂರ ಬಂದ ಮೇಲೆ ಯಜಮಾನರು ನೀರು ಕೇಳಿದರು.

“ತಂಬಿಗಿ ಎಲ್ಲಿ?”

“ಮಮ್ಮಗಳಿಗೆ ಕೊಟ್ಟೀನಿ.”

“ಬುತ್ತಿ?”

“ಅದೂ ಮಮ್ಮಗಳಿಗೇ.”

ಅವರು ಹಸಿದು, ಬಾಯಾರಿ, ಎತ್ತಿನ ಹತ್ತಿರ ನನ್ನ ಬಗ್ಗೆ ಏನೇನೋ ಹೇಳಿಕೊಳ್ಳುತ್ತ ಕಮಲಾಪುರ ಮುಟ್ಟಿದರು.

ಸೀರೆಯನ್ನು ಸವಳು ಮಣ್ಣು ಹಾಕಿ ಕುದಿಸಿ ಒಗೆದೆ, ನಶ್ಯದ ವಾಸನೆ ಹೋಗುವ ತನಕ. ಪಡಸಾಲೆಯಲ್ಲಿ ಹಳೆಯ ಧೋತರ ಹಾಸಿ, ನಾಲ್ಕು ಮೂಲೆಗೆ ಕಲ್ಲು ಹೇರಿ, ಮೇಲೆ ಚಿಂದಿ ಜೋಡಿಸಿದೆ. ಗೌಡರ ರುಮಾಲನ್ನು ಕಾಲ ಕಡೆ ಇಟ್ಟೆ, ಕಥೆ ಅಲ್ಲೇ ಒದ್ದೆಯಾಗಲಿ ಎಂದು. ಪೇಶಕಾರರ ತೋಳು ಬಗಲಿಗೆ. ದರ್ಜಿಯ ಹೆಂಡತಿಯ ಚಿಂದಿ ಸುತ್ತಲೂ ಹಬ್ಬದ ಹಾಗೆ. ನಟ್ಟ ನಡುವೆ ಹಸಿರು ಇಳಕಲ್ಲ, ರಫು ಮೇಲೆ ಕಾಣುವ ಹಾಗೆ. ಕೌದಿಯನ್ನು ಅಂಚಿನಿಂದ ಸುತ್ತುತ್ತ ಸುತ್ತುತ್ತ ಒಳಗೆ ಹೊಲಿಯುತ್ತ ಬರಬೇಕು. ಆ ರಫುವಿನ ಹತ್ತಿರ ಸೂಜಿ ಬಂದಾಗ ಮಗಳು ನನ್ನ ಮಗ್ಗುಲಲ್ಲಿ ಬಂದು ಕೂತಳು.

“ಅವ್ವಾ, ಇದು ನಮ್ಮತ್ತೀದು. ಅವರು ಕೊಟ್ರಾ?”

“ಕೊಡ್ತಾರ,” ಎಂದೆ.

“ನೀ ತಂದಿಟ್ರ ಕೊಟ್ಟಂಗ ಆಗ್ತದೇನು?”

ಇಲ್ಲ, ಆಗುವುದಿಲ್ಲ. ಅದು ನನಗೂ ಗೊತ್ತಿತ್ತು. ಸೀರೆ ಬಂದರೆ ಸಾಲದು, ನನ್ನದು ಎಂದು ಅವಳ ಬಾಯಿಂದ ಬರಬೇಕು. ಹಳೆಯ ಸೀರೆಯೇ ಇಲ್ಲ ಎಂದು ಎದೆ ಬಡಿದು ಹೇಳಿದವಳು ಹೇಗೆ ಹೇಳಿಯಾಳು? ಯಜಮಾನರು, “ಬೀಗರ ಕೂಡ ಚ್ಯಾಷ್ಟಿ ಬ್ಯಾಡ,” ಎಂದರು. ನಾನು ಅವರ ತಲೆಯ ಮೇಲಿನ ಹಳೆಯ ಟೋಪಿಯನ್ನೇ ದಿಟ್ಟಿಸಿ ನೋಡಿದೆ. ಕೌದಿಗೆ ಹೋದೀತೆಂದು ಹೆದರಿ ಸುಮ್ಮನಾದರು.

ತೊಟ್ಟಿಲ ದಿನ ಬೀಗತಿ ಬಂದಳು. ಬರದಿದ್ದರೆ ಜನ ಆಡಿಕೊಳ್ಳುತ್ತಾರಲ್ಲ. ಕಂಬದ ಹತ್ತಿರ, ಕೂಸಿನಿಂದ ಎಷ್ಟು ದೂರ ಆಗುತ್ತದೋ ಅಷ್ಟು ದೂರ ಕೂತಳು. ಸೂಲಗಿತ್ತಿ ತೊಟ್ಟಿಲೊಳಗೆ ಕೌದಿ ಹಾಸಿದಳು. ಬೀಗತಿಯ ಕಣ್ಣು ನಡುವಿನ ತುಂಡಿನ ಮೇಲೆ ಬಿತ್ತು. ನಾನು ಅವಳನ್ನೇ ನೋಡುತ್ತಿದ್ದೆ. ಮೊದಲು ಹುಬ್ಬು ಏರಿತು, ಆಮೇಲೆ ಮೂಗಿನ ನತ್ತು ನಡುಗಿತು, ಆಮೇಲೆ ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡಿತು. ಮುಚ್ಚಿಕೊಂಡೇ ಇತ್ತು. ಇವಳು ಹೀಗೇ ಕೂತು ಎದ್ದು ಹೋದರೆ ನನ್ನ ಮಗಳ ಗತಿ?

ಅಷ್ಟರಲ್ಲಿ ಗೌಡರ ಮನೆಯಾಕೆ ಕೌದಿ ಮುಟ್ಟಿ, “ಬೆಣ್ಣಿ ಆಗ್ಯದಲ್ರೀ ಇದು! ಇಂಥಾ ಇಳಕಲ್ಲ ಯಾರು ಕೊಟ್ರು?” ಎಂದಳು.

“ಯಾರೋ ದೊಡ್ಡ ಮನಸಿನವರು,” ಎಂದೆ ನಾನು. ಅಷ್ಟೇ ಅಂದದ್ದು, ಕೂಸಿನಾಣೆ.

ಆಗ ಪೇಶಕಾರರ ಹೆಂಡತಿ, ಒಂದು ತೋಳಿನ ದಾನಶೂರೆ, ಸೆರಗು ಸರಿಪಡಿಸಿಕೊಂಡು, ತಲೆ ತಗ್ಗಿಸಿ, “ಇರ್ಲಿ ಬಿಡ್ರಿ. ಕೊಟ್ಟದ್ದು ಹೇಳಿಕೊಬಾರದು,” ಎಂದಳು.

ಹೆಂಗಸರೆಲ್ಲ ಅವಳ ಕಡೆ ತಿರುಗಿದರು. “ಅಯ್ಯ, ಎಂಥಾ ಗುಣಾರೀ ನಿಮ್ದು!” ಎಂದರು. ಅವಳು ಇನ್ನಷ್ಟು ತಲೆ ತಗ್ಗಿಸಿದಳು. ಕುತ್ತಿಗೆ ಮುರಿದೀತು ಅನ್ನಿಸಿತು ನನಗೆ.

“ಯಾರ್ದು?” ಕಂಬದ ಹತ್ತಿರದಿಂದ ಕೂಗು ಬಂತು. “ಏನಂದ್ರಿ? ನಿಮ್ದಾ?”

“ನಾ ಏನೂ ಅಂದಿಲ್ರೀ,” ಎಂದಳು ಪೇಶಕಾರರ ಹೆಂಡತಿ ಮೆಲ್ಲಗೆ. ಅದು ನಿಜವೂ ಆಗಿತ್ತು.

ಬೀಗತಿ ಎದ್ದೇಬಿಟ್ಟಳು. ಹೆಂಗಸರನ್ನು ಸರಿಸುತ್ತ ತೊಟ್ಟಿಲಿಗೆ ಬಂದು ಕೌದಿಯ ನಡುವೆ ಬೆರಳಿಟ್ಟಳು. “ಈ ರಫು ನೋಡ್ರಿ. ನನ್ನ ಕೈದು ಇದು. ಹಿಂಗ ಎಳಿ ಕೂಡಿಸಿ ರಫು ಹಾಕೂದು ಈ ಸೀಮ್ಯಾಗ ಯಾರಿಗೆ ಬರ್ತದ? ನಂದು ಈ ಸೀರಿ! ನಾ ಉಟ್ಟದ್ದು! ನನಗ ಭಾಳ ಸೇರತಿತ್ತು, ಹರಿಯೂತನ ಉಟ್ಟೀನಿ!”

ಯಜಮಾನರಿಗೆ ಕೆಮ್ಮು ಬಂತು. ಮಂಟಪದಲ್ಲಿ ಅವಳಾಡಿದ್ದ ಮಾತನ್ನು ಕೇಳಿದವರು ಅಲ್ಲಿ ಬೇಕಾದಷ್ಟು ಜನ ಇದ್ದರು. ನಾನು ಬಾಯಿ ತೆರೆಯಲಿಲ್ಲ. ನನ್ನ ಜನ್ಮದಲ್ಲಿ ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೊಂದೇ ಸಲ.

ಮಾತಾಡಿದವಳು ಸೂಲಗಿತ್ತಿ. “ಸೀರಿ ನಿಂದಾದ್ರ ಕೂಸೂ ನಿಂದ. ಹಿಡಿಯವ್ವ,” ಎಂದು ನನ್ನ ಮೊಮ್ಮಗಳನ್ನು ಅವಳ ಕೈಗೆ ಹಾಕಿಯೇಬಿಟ್ಟಳು. ಇನ್ನೇನು ಮಾಡಿಯಾಳು? ಎಲ್ಲರೂ ನೋಡುತ್ತಿದ್ದರು. ಹಿಡಿದಳು. ಹಿಡಿದ ಮೇಲೆ ನೋಡಿದಳು. ಕೂಸು ಬಾಯಿ ತೆರೆದು ಆಕಳಿಸಿ, ಮೂಗು ಅರಳಿಸಿತು.

“ಮೂಗು…” ಎಂದಳು ಬೀಗತಿ, ಬೇರೆಯದೇ ದನಿಯಲ್ಲಿ. “ಮೂಗು ನಂದ ಅದಲ್ರೀ ಇದರದು?”

ಸಾಕ್ಷಾತ್ ಅವಳದೇ. ನಶ್ಯಕ್ಕೆ ಹೇಳಿ ಮಾಡಿಸಿದ ಮೂಗು. ಅದನ್ನು ಕೂಸು ಹುಟ್ಟಿದ ದಿನವೇ ನಾನು ನೋಡಿ ಒಳಗೊಳಗೇ ಮರುಗಿದ್ದೆ. ಈಗ ಆ ಮೂಗಿಗೆ ಕೈ ಮುಗಿಯಬೇಕು ಅನ್ನಿಸಿತು. ಬಾಗಿಲ ಮರೆಯಲ್ಲಿ ನಿಂತಿದ್ದ ಮಗಳು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳೋ ಅಳುತ್ತಿದ್ದಳೋ, ನನಗೂ ಕಣ್ಣು ಮಂಜಾಗಿ ಕಾಣಲಿಲ್ಲ.

ಐದನೆಯ ತಿಂಗಳಿಗೆ ಬೀಗರೇ ಕರೆಯಲು ಬಂದರು. ನಮ್ಮ ಗಾಡಿಯಲ್ಲೇ ಕಳಿಸಿದೆವು. ಬೀಗತಿ ಕೌದಿಯಲ್ಲಿ ಸುತ್ತಿದ ಕೂಸನ್ನು ಮಡಿಲಲ್ಲಿಟ್ಟುಕೊಂಡು, ಹಸಿರು ತುಂಡು ಓಣಿಯವರಿಗೆ ಕಾಣುವ ಹಾಗೆ ಹೊರಳಿಸಿಕೊಂಡು ಕೂತಳು. ಮುಂದೆ ನಮ್ಮ ಎತ್ತು ಕೊರಳು ಕುಣಿಸುತ್ತ ನಡೆಯಿತು, ಅವಳು ನನ್ನ ಉಡಿಗೆ ಹಾಕಿದ್ದ ಹೊಸ ಕೆಂಪು ಅರಿವೆಯ ಝೂಲನ್ನು ಬೆನ್ನಿಗೆ ಹೊದ್ದು. ಮಹಾಗಾಂವದ ತನಕವೂ ಅವಳು ಅದನ್ನೇ ನೋಡಿದಳಂತೆ.

ಈಗ ಬೀಗತಿ ಶಹಾಬಜಾರದಲ್ಲಿ ಆ ಇಡೀ ಕೌದಿಯನ್ನು ತಾನೇ ಕೈಯಾರೆ ಹೊಲಿದದ್ದು ಎಂದು ಹೇಳಿಕೊಂಡು ತಿರುಗುತ್ತಾಳೆ ಎಂದು ಕೇಳಿದ್ದೇನೆ. ತಿರುಗಲಿ. ಅದನ್ನು ಕಂಕುಳಲ್ಲಿ ಅವುಚಿ ಎಳೆದಾಡುವ ನನ್ನ ಮೊಮ್ಮಗಳು ಹೊಸ್ತಿಲು ದಾಟಿ ಆ ಮನೆಯೊಳಗೆ ಓಡಾಡುತ್ತಿದ್ದಾಳೆ. ಗಜಕಟ್ಟಿಗೆಯನ್ನು ಕುದುರೆ ಮಾಡಿಕೊಂಡಿದ್ದಾಳಂತೆ. ಅಳಿಯನಿಗೆ ಒರೆಸಲು ಏನೂ ಉಳಿದಿಲ್ಲ.